ಉಸಿರಾಡುವ ಮೂಟೆಗಳು

ಪಂಜಾಬಿನ ಜಲಂಧರ್‌ನಲ್ಲಿ ಚಳಿಗಾಲದ ಬೆಳೆಯಾಗಿ ಅಗೆದ ಬಿತ್ತನೆ ಆಲೂಗೆಡ್ಡೆ ಲಾರಿ ಹತ್ತಿ ಹಾಸನಕ್ಕೆ ಬರುತ್ತದೆ. ಇಲ್ಲಿ ಬಿತ್ತನೆ ಶುರುವಾಗುವುದು ಮೇ ತಿಂಗಳ ಮಳೆ ಬಿದ್ದ ಮೇಲೆ. ನಡುವಿನ ಬೇಸಿಗೆಯನ್ನು ಕುಫ್ರಿ ಜ್ಯೋತಿ ತಳಿಯ ಗೆಡ್ಡೆಗಳು ಕೋಲ್ಡ್ ಸ್ಟೋರೇಜಿನ ಕತ್ತಲಲ್ಲಿ, 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಳೆಯಬೇಕು. ಹೊರಗಿನಿಂದ ಅದು ಕಿಟಕಿಯಿಲ್ಲದ ದೊಡ್ಡ ಗೋದಾಮು. ಒಳಗೆ ಸಾವಿರಾರು ಮೂಟೆಗಳು ಹಗಲಿರುಳು ಉಸಿರಾಡುತ್ತಿರುತ್ತವೆ.

ಮಣ್ಣಿನಿಂದ ಕಿತ್ತರೂ ಗೆಡ್ಡೆಗೆ ಜೀವವಿದೆ. ತನ್ನೊಳಗಿನ ಸಕ್ಕರೆ ಕರಗಿಸಿ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತದೆ. ಉಷ್ಣಾಂಶ ಏರಿದರೆ ಈ ಉಸಿರಾಟವೂ ಹೆಚ್ಚುತ್ತದೆ. ಮೂಟೆ ಬಿಸಿಯಾದಷ್ಟೂ ಉಸಿರು ಜೋರು, ಉಸಿರು ಜೋರಾದಷ್ಟೂ ಬಿಸಿ ಹೆಚ್ಚು.

ಈ ಸುತ್ತನ್ನು ಮುರಿಯುವ ಕೆಲಸ ಹೆಚ್ಚಾಗಿ ಅಮೋನಿಯದ್ದು. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ, ಕುದಿಯುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಿನ ಕಂಡೆನ್ಸರ್‌ನಲ್ಲಿ ಶಾಖ ಕಳೆದು, ಮತ್ತೆ ದ್ರವವಾಗಿಸಿ ಒಳಗೆ ಕಳುಹಿಸುತ್ತದೆ. ಒಂದು ಟನ್ ಆಲೂಗೆಡ್ಡೆಯನ್ನು 25 ಡಿಗ್ರಿಯಿಂದ 3 ಡಿಗ್ರಿಗೆ ಇಳಿಸಲು ಸುಮಾರು 21 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಹೋಗಬೇಕು. ಹಾಗಾಗಿ ಲಾರಿಗಳು ಸಾಲುಗಟ್ಟಿ ನಿಂತರೂ ಉಗ್ರಾಣವನ್ನು ಒಂದೇ ದಿನ ತುಂಬುವಂತಿಲ್ಲ. ದಿನಕ್ಕೆ ಒಟ್ಟು ಸಾಮರ್ಥ್ಯದ ನೂರಕ್ಕೆ ನಾಲ್ಕೈದು ಪಾಲಷ್ಟೇ ಒಳಗೆ ಹೋಗಬೇಕು. ಸುಗ್ಗಿಯ ಅವಸರದಲ್ಲಿ ಈ ಲೆಕ್ಕ ಮೀರಿದರೆ ಮೊದಲೇ ತಣ್ಣಗಾದ ಮೂಟೆಗಳೂ ಬಿಸಿಯೇರುತ್ತವೆ.

ಚಳಿಗಿಂತ ಸೂಕ್ಷ್ಮವಾದದ್ದು ತೇವ. ಆಲೂಗೆಡ್ಡೆಗೆ ಶೇ 90ಕ್ಕಿಂತ ಹೆಚ್ಚು ಆರ್ದ್ರತೆ ಬೇಕು. ಖರ್ಚು ಉಳಿಸಲು, ಒಳಗೆ ಅಮೋನಿಯ ಕುದಿಯುವ ಕೊಳವೆಸುರುಳಿಯನ್ನು, ಅಂದರೆ ಕಾಯಿಲನ್ನು, ಚಿಕ್ಕದು ಹಾಕಿದರೆ ಅದನ್ನು ಅತಿಯಾಗಿ ತಣಿಸಬೇಕಾಗುತ್ತದೆ. ಆಗ ಗಾಳಿಯ ನೀರೆಲ್ಲ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ, ಒಣಗಿದ ಗಾಳಿ ಗೆಡ್ಡೆಯಿಂದ ನೀರು ಸೆಳೆಯುತ್ತದೆ. ತೂಕ ಇಳಿಯುತ್ತದೆ, ಸಿಪ್ಪೆ ಸುಕ್ಕಾಗುತ್ತದೆ.

ಇಷ್ಟು ತೇವದ ಕೋಣೆಗೆ ಬ್ಯಾಡಗಿಯ ಒಣಮೆಣಸಿನಕಾಯಿ ಇಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಮೆಣಸಿನಕಾಯಿಗೆ ಚಳಿ ಬೇಕಿರುವುದು ಕೆಂಬಣ್ಣ ಮಾಸದಂತೆ ಕಾಪಾಡಲು, ಅದೂ ಒಣಹವೆಯಲ್ಲಿ. ಬಾಳೆಹಣ್ಣಿಗೋ 13 ಡಿಗ್ರಿ ಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ. ಸೇಬು ಸೊನ್ನೆಯ ಆಸುಪಾಸಿನಲ್ಲಿ ಸುಖವಾಗಿರುತ್ತದಾದರೂ ಅದು ಬಿಡುವ ಎಥಿಲೀನ್ ಅನಿಲ ಪಕ್ಕದ ಹಣ್ಣುಗಳನ್ನು ಬೇಗ ಮಾಗಿಸುತ್ತದೆ. ಚಿಪ್ಸ್ ಕಾರ್ಖಾನೆಯ ಆಲೂಗೆಡ್ಡೆಗೂ ಬಿತ್ತನೆ ಗೆಡ್ಡೆಗೂ ಒಂದೇ ಕೋಣೆ ಆಗದು. 3 ಡಿಗ್ರಿಯಲ್ಲಿ ಪಿಷ್ಟ ಸಕ್ಕರೆಯಾಗಿ, ಕರಿದ ಚಿಪ್ಸ್ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಬೆಳೆಗೆಂದು ಕಟ್ಟಿದ ಕೋಣೆ ಆ ಬೆಳೆ ಮುಗಿದ ಮೇಲೆ ತಿಂಗಳುಗಟ್ಟಲೆ ಖಾಲಿ ಬೀಳುವುದು ಇದೇ ಕಾರಣಕ್ಕೆ.

ಅರ್ಧ ಖಾಲಿಯಿದ್ದರೂ ಕರೆಂಟ್ ಬಿಲ್ ಅರ್ಧವಾಗುವುದಿಲ್ಲ. ಗೋಡೆ, ಛಾವಣಿ, ತೆರೆದು ಮುಚ್ಚುವ ಬಾಗಿಲುಗಳಿಂದ ಶಾಖ ನುಸುಳುತ್ತಲೇ ಇರುತ್ತದೆ. ತಂಪುಗಾಳಿ ಹರಡುವ ಫ್ಯಾನಿನ ಮೋಟಾರೂ ಒಂದಿಷ್ಟು ಬಿಸಿ ಸೇರಿಸುತ್ತದೆ. ಕರೆಂಟ್ ಹೋದರೆ ತಣ್ಣಗಿನ ಮೂಟೆರಾಶಿ ಕೆಲವು ಗಂಟೆ ತಾಳಿಕೊಳ್ಳುತ್ತದೆ. ಆದರೆ ಫ್ಯಾನ್ ನಿಂತರೆ ಅಟ್ಟಿಯ ನಡುವೆ ಶಾಖವೂ ಇಂಗಾಲದ ಡೈಆಕ್ಸೈಡೂ ಕಟ್ಟಿಕೊಳ್ಳುತ್ತವೆ. ಜನರೇಟರಿಗೆ ಡೀಸೆಲ್ ಸುರಿಯಲೇಬೇಕು.

ಅಮೋನಿಯ ಓಜೋನ್ ಪದರಕ್ಕೆ ಕೆಡುಕು ಮಾಡದು, ಅಗ್ಗವೂ ಹೌದು. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಬೆರೆತರೂ ಪ್ರಾಣಕ್ಕೆ ಅಪಾಯ. ತಾಮ್ರವನ್ನು ಅದು ತಿನ್ನುವುದರಿಂದ ಕೊಳವೆಗಳು ಹೆಚ್ಚಾಗಿ ಉಕ್ಕಿನವು. ತುಕ್ಕು ಹಿಡಿದ ಬೆಸುಗೆ, ಸಡಿಲಾದ ವಾಲ್ವ್‌ಗಳನ್ನು ಗುರುತಿಸಬಲ್ಲ ಆಪರೇಟರ್ ಸದಾ ಸ್ಥಳದಲ್ಲಿರಬೇಕು.

ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಇನ್ನೊಂದು ಪೇಚು. 3 ಡಿಗ್ರಿಯ ಗೆಡ್ಡೆ ನೇರ ಬಿಸಿಗಾಳಿಗೆ ಬಂದರೆ ಮೈಯೆಲ್ಲ ನೀರು ಕೂತು ಕೊಳೆಯಲು ಶುರುವಾಗುತ್ತದೆ. ಹಾಸನದ ರೈತ ಅದನ್ನು ನೆರಳಲ್ಲಿ ತೆಳುವಾಗಿ ಹರಡಿ, ಮೊಳಕೆ ಕಾಣುವವರೆಗೆ ಕಾದು, ಆಮೇಲಷ್ಟೇ ಹೊಲಕ್ಕೆ ಒಯ್ಯಬೇಕು. ಮಳೆ ಬೇಗ ಬಂದ ವರ್ಷ ಅಷ್ಟು ದಿನ ಕಾಯಲು ಮನಸ್ಸು ಒಪ್ಪುವುದು ಕಷ್ಟ.