ಸಾಗರತಲದ ಚಿತ್ರಪಟ

ಹಡಗಿನಿಂದ ಕಳುಹಿಸಿದ ಧ್ವನಿಯು ಕಡಲ ತಳವನ್ನು ತಾಕಿ ಮರಳುವುದಕ್ಕೆ ಹಿಡಿಯುವ ಕಾಲವನ್ನು ಅಳೆದು, ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರು ಎಂಬ ಗಣನೆಯಿಂದ ಆಳವನ್ನು ನಿರ್ಣಯಿಸುವ ವಿಧಾನವು ವಿಜ್ಞಾನಿಗಳಿಗೆ ಒದಗಿಸಿದ್ದು ಅಂಕಿಗಳ ರಾಶಿಯನ್ನೇ ಹೊರತು ನೋಟವನ್ನಲ್ಲ. ಆ ರಾಶಿಯಿಂದ ನೋಟವೊಂದನ್ನು ಸೃಷ್ಟಿಸಿದವರಲ್ಲಿ ಅಗ್ರಗಣ್ಯಳು ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್.

ಸ್ತ್ರೀಯರಿಗೆ ಸಂಶೋಧನ ನೌಕೆಯನ್ನೇರುವ ಅವಕಾಶವೇ ಇಲ್ಲದಿದ್ದ ಆ ಕಾಲದಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದ ಲಮಾಂಟ್ ಸಂಶೋಧನಾಲಯದ ಮೇಜಿನ ಮುಂದೆ ಕುಳಿತು, ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲಾದವರು ತಂದ ಅಳತೆಗಳನ್ನು ರೇಖೆಗಳಾಗಿಸುತ್ತಿದ್ದ ಆಕೆಗೆ, 1952ರಲ್ಲಿ, ಅಟ್ಲಾಂಟಿಕ್ ಸಾಗರದ ನಡುವಣ ಪರ್ವತಶ್ರೇಣಿಯ ನೆತ್ತಿಯುದ್ದಕ್ಕೂ ಸೀಳುಕಣಿವೆಯೊಂದು ಗೋಚರಿಸಿತು. ಕಡಲ ತಳವು ಅಲ್ಲಿ ಸೀಳಿ ಇಬ್ಬದಿಗೆ ಸರಿಯುತ್ತಿರಬೇಕೆಂಬುದಕ್ಕೆ ಅದು ಕುರುಹಾಗಿತ್ತು. ಆದರೆ ಭೂಖಂಡಗಳು ಸರಿಯುತ್ತವೆಂಬ ವಾದವನ್ನು ಪಂಡಿತರು ಪರಿಹಾಸ ಮಾಡುತ್ತಿದ್ದ ದಿನಗಳವು. ಹೀಜನ್ ಕೂಡ ಥಾರ್ಪಳ ಮಾತನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಿದನು. ಭೂಕಂಪಗಳ ಕೇಂದ್ರಗಳನ್ನು ಅದೇ ಪ್ರಮಾಣದ ನಕ್ಷೆಯಲ್ಲಿ ಗುರುತಿಸಲಾಗಿ, ಅವು ಆ ಕಣಿವೆಯಲ್ಲಿಯೇ ಸಾಲುಗಟ್ಟಿದ್ದುದನ್ನು ಕಂಡ ಮೇಲಷ್ಟೇ ಒಪ್ಪಿದನು.

ಇಲ್ಲೊಂದು ವಿನೋದವುಂಟು. ಶೀತಲ ಸಮರದ ನಿಮಿತ್ತ ಆಳವನ್ನು ನಿಖರವಾಗಿ ತೋರಿಸುವ ನಕ್ಷೆಗಳನ್ನು ಅಮೆರಿಕದ ಸರಕಾರ ಗೋಪ್ಯವೆಂದು ಸಾರಿತ್ತಾದುದರಿಂದ, ಥಾರ್ಪ್ ಮತ್ತು ಹೀಜನ್ ನೀರೆಲ್ಲ ಬತ್ತಿದ ಕಡಲನ್ನು ಆಕಾಶದಿಂದ ನೋಡಿದರೆ ಹೇಗೋ ಹಾಗೆ ಬೆಟ್ಟಕಣಿವೆಗಳನ್ನು ಬಿಡಿಸತೊಡಗಿದರು. ಮುಚ್ಚಿಡಹೊರಟ ಸರಕಾರವೇ ವಿಜ್ಞಾನವನ್ನು ಕಲೆಯ ಕೈಗೆ ಒಪ್ಪಿಸಿತು! ಅಂಥ ಮೊದಲ ಪಟ 1957ರಲ್ಲಿ ಹೊರಬಂದಿತು.

ತರುವಾಯ ಆಲ್ಪ್ಸ್ ಪರ್ವತದೃಶ್ಯಗಳಿಗೆ ಹೆಸರಾಗಿದ್ದ ಆಸ್ಟ್ರಿಯಾದ ಚಿತ್ರಕಾರ ಹೈನ್ರಿಕ್ ಬೆರಾನ್ ಇವರೊಡನೆ ಕೂಡಿಕೊಂಡನು. 1967ರಲ್ಲಿ ಮೂಡಿದ್ದು ಹಿಂದೂ ಮಹಾಸಾಗರದ ಪಟ. ನಮ್ಮ ಪಡುಗಡಲ ತಳವನ್ನೂ ಅದರಲ್ಲಿ ಕಾಣಬಹುದು. 1977ರಲ್ಲಿ ವಿಶ್ವದ ಸಮಸ್ತ ಸಾಗರತಲವೂ ಗಾಢ ನೀಲವರ್ಣದಲ್ಲಿ ಸಿದ್ಧವಾಯಿತು. ಆ ವರ್ಷವೇ ಹೀಜನ್ ಐಸ್‌ಲೆಂಡಿನ ಬಳಿ ಜಲಾಂತರ್ಗಾಮಿಯಲ್ಲಿ ಮೃತನಾದನು. ನೋಡುವವನನ್ನು ಆ ಪಟವು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಸುಮಾರು 65,000 ಕಿಲೋಮೀಟರು ಉದ್ದದ ಪರ್ವತಶ್ರೇಣಿಯನ್ನು ಕಣ್ಣು ತಾನಾಗಿಯೇ ಹಿಂಬಾಲಿಸುತ್ತದೆ.

ಇದೆಲ್ಲ ಯಥಾರ್ಥವೆ? ನೌಕಾಮಾರ್ಗಗಳ ನಡುವೆ ಅಳತೆಯೇ ಇಲ್ಲದ ವಿಶಾಲ ಪ್ರದೇಶಗಳನ್ನು ಥಾರ್ಪ್ ಊಹೆಯಿಂದ ತುಂಬಿದಳು. ಬೆಟ್ಟಗಳ ಎತ್ತರವನ್ನೂ ಬೇಕೆಂದೇ ಹಿಗ್ಗಿಸಲಾಗಿತ್ತು. ಆದರೆ ಆ ಊಹೆ ಭೂವಿಜ್ಞಾನದ ಕಡಿವಾಣಕ್ಕೆ ಒಳಪಟ್ಟ ಊಹೆಯಾದುದರಿಂದ, ಅದನ್ನು ಸುಳ್ಳೆನ್ನಲು ನನಗೆ ಮನಸ್ಸೊಪ್ಪದು. ಇಂದು ಕತ್ತಲ ಕೋಣೆಯ ಗೋಡೆ ನೆಲಗಳ ಮೇಲೆ ಕಂಪ್ಯೂಟರಿನ ನೆರವಿನಿಂದ ಸಾಗರತಲವನ್ನು ಮೂಡಿಸಿ ಪ್ರೇಕ್ಷಕರನ್ನು ಅದರ ನಡುವೆ ನಡೆದಾಡಿಸುವ ಕಲಾವಿದರಿಗೂ ಆ ಕಡಿವಾಣ ತಪ್ಪಿದ್ದಲ್ಲ. ಏಕೆಂದರೆ ಆಧುನಿಕ ಉಪಕರಣಗಳಿಂದ ಸವಿವರವಾಗಿ ಅಳೆಯಲಾಗಿರುವುದು ಇಂದಿಗೂ ಸಾಗರತಲದ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ; ಉಳಿದುದನ್ನು ಅವರೂ ಊಹೆಯಿಂದ ತುಂಬಬೇಕು.