ಡಿಗ್ರಿ ಬಿಟ್ಟರೆ ಬಾಗಿಲು ಮುಚ್ಚುತ್ತದೆಯೇ?

ಪ್ರಶ್ನೆ: ನನ್ನ ದ್ವಿತೀಯ ಪಿಯುಸಿ ಮುಗಿಯುತ್ತಿದೆ. ಮನೆಯವರು ಡಿಗ್ರಿಗೆ ಸೇರು ಎನ್ನುತ್ತಾರೆ. ನನಗೆ ಯಂತ್ರದ ಕೆಲಸ ಇಷ್ಟ. ಡಿಗ್ರಿ ಇಲ್ಲದಿದ್ದರೆ ಮುಂದೆ ಕಷ್ಟವೇ?
– ಓದುಗರೊಬ್ಬರು, ನಜರ್‌ಬಾದ್, ಮೈಸೂರು

ಉತ್ತರ: ಬಾಗಿಲು ಮುಚ್ಚುವುದಿಲ್ಲ. ಆದರೆ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಮೊದಲೇ ತಿಳಿದಿರಬೇಕು.

ನಿಮ್ಮ ಊರಿನಲ್ಲೇ ಸರ್ಕಾರಿ ಐಟಿಐ ಇದೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಎಸ್ಸೆಸ್ಸೆಲ್ಸಿ ಆಧಾರದ ಮೇಲೆಯೇ ಇಲ್ಲಿ ಸೇರಬಹುದು. ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಲ್ಲಿ ಮೈಕ್ರೋಮೀಟರ್ ಹಿಡಿದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯಬೇಕು. ಉಕ್ಕಿನ ತುಂಡು ಅಷ್ಟು ಹೆಚ್ಚಾದರೂ ಅಚ್ಚಿನಲ್ಲಿ ಕೂರದೆ ಹೋಗಬಹುದು. ಆ ತಾಳ್ಮೆ ಒಮ್ಮೆ ಕೈಗೆ ಹತ್ತಿದರೆ ಅದೇ ನಿಮ್ಮ ಬಂಡವಾಳ.

ಐಟಿಐ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಲೇ ಕಾರ್ಖಾನೆಗಳಲ್ಲಿ ಕಲಿಯುವ ಅವಕಾಶವಿದೆ.

ಓದು ಅಲ್ಲಿಗೇ ನಿಲ್ಲಬೇಕಿಲ್ಲ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ನಿಮ್ಮ ಊರಿನ ಮುಕ್ತಗಂಗೋತ್ರಿ ಆವರಣದಲ್ಲಿರುವ, 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದುಡಿಯುತ್ತಲೇ ಡಿಗ್ರಿ ಪಡೆಯಬಹುದು.

ಒಂದು ಮಾತು ನೆನಪಿರಲಿ: ಡಾಕ್ಟರು, ವಕೀಲರು, ಪ್ರೌಢಶಾಲೆಯ ಶಿಕ್ಷಕರು ಆಗಬೇಕೆಂದರೆ ಪದವಿ ಬೇಕೇ ಬೇಕು. ಅಂಥ ಆಸೆ ಇಲ್ಲವೆಂದಾದರೆ ಅಪ್ಪ ಅಮ್ಮನನ್ನು ಒಂದು ದಿನ ತರಬೇತಿ ಕೇಂದ್ರಕ್ಕೆ ಕರೆದೊಯ್ಯಿರಿ. ಕೆಲಸವನ್ನು ಕಣ್ಣಾರೆ ಕಂಡರೆ ಅವರ ಅರ್ಧ ಭಯ ಕರಗುತ್ತದೆ.