ಸಹಿ ಹಾಕೋ ಮುಂಚೆ ಈ ಲೆಕ್ಕ ಗೊತ್ತಿರಲಿ

ರಸ್ತೆ ಅಪಘಾತದಲ್ಲಿ ಮನೆಯವರು ತೀರಿಕೊಂಡಾಗ "ಇಷ್ಟು ತಗೊಂಡು ಮುಗಿಸಿಬಿಡಿ" ಅನ್ನೋರು ಬರಬಹುದು. ಆದ್ರೆ ಪರಿಹಾರಕ್ಕೆ ಒಂದು ಲೆಕ್ಕ ಇದೆ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಅದನ್ನ ಹೇಳಿದೆ.

ಒಂದು ಉದಾಹರಣೆ ನೋಡೋಣ. ವಯಸ್ಸು 28, ಸ್ವಂತ ಕೆಲಸ, ತಿಂಗಳ ದುಡಿಮೆ 20,000 ರೂಪಾಯಿ. ಮುಂದೆ ಆದಾಯ ಬೆಳೀತಿತ್ತಲ್ವಾ? ಅದಕ್ಕೆ ಶೇ 40 ಸೇರಿಸಿ: 28,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನಂಬಿದ್ರೆ, ಅವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳೀರಿ: 21,000. ವರ್ಷಕ್ಕೆ 2,52,000. ಈ ವಯಸ್ಸಿಗೆ 17ರಿಂದ ಗುಣಿಸ್ತಾರೆ. ಒಟ್ಟು 42,84,000 ರೂಪಾಯಿ. ಅಂತ್ಯಕ್ರಿಯೆ ಖರ್ಚು ಬೇರೆ.

ಸಂಬಳದ ಚೀಟಿ ಇಲ್ವಾ? ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ದಾಖಲೆ ಎತ್ತಿಡಿ. ಗೃಹಿಣಿಯ ದುಡಿಮೆಗೂ ಕೋರ್ಟ್ ಬೆಲೆ ಕಟ್ಟುತ್ತೆ. ಆದ್ರೆ ಈ ಲೆಕ್ಕಕ್ಕೆ ಎದುರಿನ ಚಾಲಕನ ತಪ್ಪು ಸಾಬೀತಾಗ್ಬೇಕು. ತೀರಿಕೊಂಡವರದ್ದೂ ತಪ್ಪಿದ್ರೆ ಅಷ್ಟು ಪಾಲು ಕಡಿತ.

ಅರ್ಜಿ ಹಾಕೋದು ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಗೆ. ಅಪಘಾತ ಬೇರೆ ಊರಲ್ಲಾದ್ರೂ ನೀವಿರೋ ಕಡೆ ಹಾಕಬಹುದು. ಕಾಯ್ದೆಯ ಗಡುವು 6 ತಿಂಗಳು. ತಿಥಿ, ಠಾಣೆ ಅಂತ ಓಡಾಡೋದ್ರಲ್ಲೇ ಅದು ಕಳೆದುಹೋಗುತ್ತೆ. ಅಷ್ಟರೊಳಗೆ ಒಬ್ಬ ವಕೀಲರನ್ನ ನೋಡಿ.